ಸುತ್ತಿಗೆ ಎತ್ತಿ ನಿಂತವರು

ಮದ್ರಾಸಿನ ಕೋಡಂಬಾಕ್ಕಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಡಗಿ ಹಳೆಯ ಸ್ಟುಡಿಯೋ ಒಂದರಲ್ಲಿ ಸಿನಿಮಾ ಸೆಟ್ ಕಟ್ಟುತ್ತಿದ್ದವರು. ಅಲ್ಲಿಗೆ ಬರುತ್ತಿದ್ದ ಕನ್ನಡ ಚಿತ್ರದವರಿಂದಲೇ ಕನ್ನಡ ಕಲಿತಿದ್ದರು. ಟೇಕ್, ಅಂದರೆ ದೃಶ್ಯದ ಚಿತ್ರೀಕರಣ, ಶುರುವಾದರೆ ಅಲ್ಲಿ ಮೊಳೆಯ ಸದ್ದೂ ಕೇಳಬಾರದು. ಎತ್ತಿದ ಕೈ ಎತ್ತಿದಲ್ಲೇ ನಿಲ್ಲಬೇಕು. ಸ್ಟುಡಿಯೋ ಹೋಗಿ ಆ ಜಾಗದಲ್ಲಿ ಫ್ಲ್ಯಾಟು ಎದ್ದರೂ ಆ ಅಭ್ಯಾಸ ಅವರ ಮೈ ಬಿಡಲಿಲ್ಲ. ಎದುರಿಗೆ ಯಾರೇ ಮಾತಾಡಲಿ, ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನಾನು ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ದುಡಿಮೆಗೆ ಬಿದ್ದವನು, ಹೊತ್ತು ಹಾಳಾದರೆ ಸಹಿಸುವವನಲ್ಲ. "ಹೀಗಾದ್ರೆ ಕೆಲಸ ಮುಗಿದ ಹಾಗೇ ಅಣ್ಣಾ!" ಎಂದು ರೇಗಿಸಿದರೆ, "ಟೇಕ್ ಹೋಗ್ತಾ ಇದೆ, ನೀನು ಹೇಳು ತಂಬಿ" ಎನ್ನುತ್ತಿದ್ದರು.

ನನ್ನ ಮಗಳಿಗೆ ಮಾತು ತೊದಲುತ್ತದೆ. ಅವಳನ್ನು ನೋಡಲು ಗಂಡು ತನ್ನ ಕಡೆಯವರೊಂದಿಗೆ ಬಂದ ದಿನ, ಬಡಗಿ ನಮ್ಮ ಗೋಡೆಯ ಕಪಾಟಿಗೆ ಬಾಗಿಲು ಕೂರಿಸುತ್ತಿದ್ದರು.

"ಮದುವೆ ಆದ್ಮೇಲೂ ಕೆಲಸಕ್ಕೆ ಹೋಗ್ತೀಯೇನಮ್ಮ?" ಗಂಡಿನ ತಾಯಿ ಕೇಳಿದರು.

"ನಾ... ನಾ..." ಎಂದು ಮಗಳು ಶುರು ಮಾಡುವಷ್ಟರಲ್ಲಿ ನನ್ನ ಅಕ್ಕ, "ಬಿಟ್ಬಿಡ್ತಾಳೆ, ಅದಕ್ಕೇನಂತೆ!" ಎಂದು ನಕ್ಕಳು.

ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ಟೇಕ್ ಹೋಗ್ತಾ ಇದೆಯಮ್ಮಾ," ಎಂದರು ಬಡಗಿ, ಅಕ್ಕನ ಕಡೆ ತಿರುಗಿ. "ಮಗು ಇನ್ನೂ ಮುಗಿಸಿಲ್ಲ."

ಕೇಸರಿಬಾತಿನ ತಟ್ಟೆ ಚಾಚಿದ್ದ ನನ್ನ ಕೈಯೂ ಚಾಚಿದಂತೆಯೇ ಉಳಿಯಿತು. ಮಗಳು ತಡೆತಡೆದು, ಯಾರ ಸಹಾಯವೂ ಇಲ್ಲದೆ ಮುಗಿಸಿದಳು: "ನಾನು ಕೆಲಸ ಬಿಡೋದಿಲ್ಲ."

ಅಕ್ಕನ ಮುಖ ಕಪ್ಪಿಟ್ಟಿತು. ಮಗಳು ಮಾತ್ರ ತಲೆಯೆತ್ತಿ, ಆ ಹುಡುಗ ಏನನ್ನುತ್ತಾನೋ ಎಂದು ಮೊದಲ ಸಲ ಅವನ ಮುಖ ನೋಡಿದಳು.