ಗುರಿ ತಪ್ಪದ ಚನ್ನಬಸಣ್ಣ

ಚನ್ನಬಸಣ್ಣನವರ ಮುಖದಲ್ಲಿ ಕ್ರಿಕೆಟ್ ಚೆಂಡಿನ ಪೆಟ್ಟು ತಿನ್ನದ ಜಾಗವಿಲ್ಲ. ಮೂಗು ಎಡಕ್ಕೆ ತಿರುಗಿದೆ, ಹುಬ್ಬಿನ ಮೇಲೆ ಹೊಲಿಗೆಯ ಗುರುತು, ಮುಂದಿನ ಹಲ್ಲುಗಳು ಕಟ್ಟಿಸಿಕೊಂಡವು. ಬಲಗೈಯ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿರುವುದರಿಂದ ನಮಸ್ಕಾರ ಮಾಡಿದಾಗಲೂ ಅದೊಂದು ಹೊರಗೇ ನಿಲ್ಲುತ್ತದೆ. ಇದನ್ನು ಆಟ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಚಳ್ಳಕೆರೆಯ ಈ ಮನುಷ್ಯ ನಮ್ಮ ಹಾಗೆ ಕಂಪ್ಯೂಟರ್ ನಂಬಿಕೊಂಡು ಐರ್ಲೆಂಡಿನ ಲಿಮೆರಿಕ್‌ಗೆ ಬಂದವರಲ್ಲ. ಇಲ್ಲಿನ ಕ್ರಿಕೆಟ್ ಕ್ಲಬ್ಬೊಂದು ಸಂಬಳ ಕೊಟ್ಟು ಕರೆಸಿಕೊಂಡಿತ್ತು. ಬ್ಯಾಟಿಂಗು ಅಷ್ಟಕ್ಕಷ್ಟೇ, ಬೌಲಿಂಗು ಬರುವುದೇ ಇಲ್ಲ. ಆದರೆ ಬೌಂಡರಿ ಗೆರೆಯಿಂದ ಅವರು ಎಸೆದ ಚೆಂಡಿಗೆ ಒಂದು ಸ್ಟಂಪು ಕಂಡರೂ ಸಾಕು, ಬುಡಸಮೇತ ಕಿತ್ತು ಹೋಗುತ್ತಿತ್ತು. ಒದ್ದೆ ಹುಲ್ಲಿನ ಮೇಲೆ ಜಾರಿ ಬೌಂಡರಿಯಾಚೆ ನಿಂತಿದ್ದ ರೋಲರ್‌ಗೆ ಗುದ್ದಿ ಕೊರಳ ಮೂಳೆ ಮುರಿದುಕೊಂಡವರು, ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ನಿಂತಿದ್ದರು. ಕೊನೆಗೆ ಭುಜವೇ ಹರಿದುಹೋಯಿತು. ಈಗ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ, ಕಾಫಿ ಲೋಟವನ್ನು ಎಡಗೈಯಲ್ಲೇ ಎತ್ತುತ್ತಾರೆ.

ಇಂಥವರಿಗೆ ರಾಜ್ಯೋತ್ಸವದ ದಿನ ಸನ್ಮಾನ ಮಾಡಬೇಕೆಂದು ನಮ್ಮ ಕನ್ನಡ ಸಂಘ ತೀರ್ಮಾನಿಸಿತು. ನಾನು ಕಾರ್ಯದರ್ಶಿ. ಅಧ್ಯಕ್ಷರಾದ ಸತ್ಯಪ್ರಕಾಶ್ ಅವರಿಗೆ ಮುಖ್ಯ ಅತಿಥಿಯಿಲ್ಲದೆ ದೀಪ ಹಚ್ಚಿದರೂ ಉರಿಯುವುದಿಲ್ಲ ಎಂಬ ನಂಬಿಕೆ. ಎದುರಾಳಿ ಕ್ಲಬ್ಬಿಗೆ ಫೋನು ಮಾಡಿ, ಚನ್ನಬಸಣ್ಣನವರ ಕಾಲದಲ್ಲಿ ಆಡಿದವರು ಯಾರಾದರೂ ಬರಲಿ ಎಂದರು. ಡರ್ಮಟ್ ಎಂಬವನು ಒಪ್ಪಿಕೊಂಡ. ಅತಿಥಿಗೆ ಓದಲು ಬರಲೆಂದು ನೆನಪಿನ ಫಲಕವನ್ನು ಇಂಗ್ಲಿಷಿನಲ್ಲಿ ಕೆತ್ತಿಸಿದೆವು. ‘ಇವರ ಎಸೆತ ಒಮ್ಮೆಯೂ ಗುರಿ ತಪ್ಪಲಿಲ್ಲ’ ಎಂಬ ಸಾಲು ನನ್ನದೇ. ಹೊಗಳಲು ನಿಂತರೆ ಅರ್ಧಕ್ಕೆ ನಿಲ್ಲಿಸುವ ಜಾತಿ ನಮ್ಮದಲ್ಲ. ಸನ್ಮಾನದಲ್ಲಿ ಹೇಳಿದ್ದನ್ನು ಯಾರೂ ನಿಜವೋ ಸುಳ್ಳೋ ಎಂದು ಕೇಳುವುದೂ ಇಲ್ಲ.

ಸಭಾಂಗಣದ ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಬಿಸಿಯಾಗುತ್ತಿತ್ತು. ಬಾಗಿಲಲ್ಲಿ ಕೋಟು ತೆಗೆಯುತ್ತಿದ್ದ ಡರ್ಮಟ್‌ನನ್ನು ಕಂಡ ಚನ್ನಬಸಣ್ಣ ನನ್ನನ್ನು ಒಳಗೆ ಕರೆದರು.

“ಜಯಶೀಲಮ್ಮ, ಅವ್ರನ್ನ ಯಾರು ಕರೆದಿದ್ದು?”

“ಸತ್ಯಪ್ರಕಾಶ್ ಅವ್ರು. ನಿಮ್ ಎದುರಿಗೆ ಆಡಿದವ್ರಂತೆ. ಯಾಕೆ?”

“ಆಡಿದವ್ರೇ. ಅವ್ರಿಗೆ ಬಲಗಿವಿ ಕೇಳ್ಸಲ್ಲ. ನನ್ ಎಸೆತ ಬಿದ್ದು ಹೋಗಿದ್ದು ಅದು.”

ಆಮೇಲೆ ಹೇಳಿದರು. ಆ ಪಂದ್ಯದ ದಿನ ಬೆಳಿಗ್ಗೆ ಡರ್ಮಟ್ ಹಾಕಿದ ಬೌನ್ಸರ್ ಇವರ ಬಾಯಿಗೆ ಬಡಿದು ಹಲ್ಲು ಉದುರಿತ್ತು. ಪಿಚ್ಚಿನ ಮೇಲೆ ಕುಕ್ಕರುಗಾಲಲ್ಲಿ ಕೂತು ರಕ್ತ ಉಗಿಯುತ್ತಿದ್ದವರ ಹತ್ತಿರ ಬಂದು, ಹಲ್ಲು ಆರಿಸಿಕೊಂಡು ನಿನ್ನ ದೇಶಕ್ಕೆ ನಡಿ ಎಂದು ನಕ್ಕನಂತೆ. ಮಧ್ಯಾಹ್ನ ಅವನ ಬ್ಯಾಟಿಂಗು. ತಲೆಗೆ ಹೆಲ್ಮೆಟ್ ಇಲ್ಲ. ಎರಡನೇ ರನ್ನಿಗೆ ಓಡುತ್ತಿದ್ದ. ಬಾಯಿತುಂಬ ಹತ್ತಿ ತುರುಕಿಕೊಂಡಿದ್ದ ಚನ್ನಬಸಣ್ಣ ಬೌಂಡರಿಯಲ್ಲಿ ಚೆಂಡೆತ್ತಿದರು. ಸ್ಟಂಪೂ ಕಾಣುತ್ತಿತ್ತು, ಕಿವಿಯೂ ಕಾಣುತ್ತಿತ್ತು. ಚೆಂಡು ಕಿವಿಯ ಮೇಲೆ ಬಿತ್ತು. ಡರ್ಮಟ್ ಮುಖ ಅಡಿಯಾಗಿ ಬಿದ್ದು ಕಾಲು ಬಡಿಯತೊಡಗಿದ. ಕಿವಿಯಿಂದ ರಕ್ತ ಹುಲ್ಲಿಗೆ ಸುರಿಯುತ್ತಿತ್ತು. ಅಷ್ಟರಲ್ಲಿ ಕೀಪರ್ ಚೆಂಡು ತಂದು ಬೇಲ್ಸ್ ಹಾರಿಸಿದ. ಅಂಪೈರ್ ಬೆರಳೆತ್ತಿದ.

“ಔಟ್ ಅಂತ ನಮ್ಮೋರು ಚಪ್ಪಾಳೆ ತಟ್ಟಿದ್ರು. ಆಸ್ಪತ್ರೆಗೆ ಹೋಗಿ, ಸ್ಟಂಪಿಗೆ ಎಸೆದಿದ್ದು, ಗುರಿ ತಪ್ತು ಅಂದೆ. ಅವ್ರು ನಂಬಿದ್ರು. ಮಲಗಿದ್ದಲ್ಲೇ ಕೈ ಕುಲುಕಿದ್ರು. ಆ ಮಾತು ಹಂಗೇ ಇರ್ಲಿ. ಫಲಕ ಈಗ ನೋಡ್ದೆ. ಗುರಿ ತಪ್ಪಲಿಲ್ಲ ಅನ್ನೋ ಸಾಲು ಬ್ಯಾಡ.”

“ಕೆತ್ತಿ ಆಗೋಗಿದೆ ಚನ್ನಬಸಣ್ಣ. ಮತ್ತೆ ಅವ್ನಿಗೆ ತಕ್ಕದ್ದೇ ಆಯ್ತಲ್ಲ. ನಾನಾಗಿದ್ರೂ ಎಸೀತಿದ್ದೆ.”

“ನೀವು ಆ ಸದ್ದು ಕೇಳಿಲ್ಲ” ಎಂದರು. ನಾನು ಸತ್ಯಪ್ರಕಾಶ್ ಅವರನ್ನು ಹುಡುಕಿಕೊಂಡು ಹೊರಗೆ ಬಂದೆ.

ಫಲಕವನ್ನು ಓದದೆ ನಾನೇ ಕೊಟ್ಟುಬಿಡುತ್ತೇನೆಂದು ಬೇಡಿಕೊಂಡೆ, ಅಧ್ಯಕ್ಷರ ಕೈಕಾಲು ಹಿಡಿಯುವುದೊಂದು ಬಾಕಿ.

“ಪ್ರೋಟೋಕಾಲ್ ಅಂತ ಇರತ್ತೆ ಮೇಡಂ. ಅತಿಥಿಗಳೇ ಓದಿ ಕೊಡ್ಬೇಕು. ಎಲ್ಲಾ ಗ್ರ್ಯಾಂಡ್ ಆಗಿ ನಡೀತಿದೆ, ನೀವು ಸುಮ್ನಿರಿ” ಎಂದರು ಸತ್ಯಪ್ರಕಾಶ್.

ವೇದಿಕೆಯ ಮೇಲೆ ಚನ್ನಬಸಣ್ಣನವರಿಗೆ ಗಂಧದ ಹಾರ ಹಾಕಿ, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದೆವು. ಡರ್ಮಟ್ ಫಲಕ ಎತ್ತಿಕೊಂಡು ಮೈಕಿನ ಮುಂದೆ ಓದಿದ. ನನ್ನ ಸಾಲಿಗೆ ಬಂದವನು ನಿಂತ. ಬಾಯೊಳಗೇ ಇನ್ನೊಮ್ಮೆ ಓದಿಕೊಂಡ. ಮೆಲ್ಲಗೆ ತಿರುಗಿ ಕೇಳುವ ಕಿವಿಯನ್ನು ಚನ್ನಬಸಣ್ಣನವರ ಕಡೆ ಮಾಡಿದ.

“ಒಮ್ಮೆಯೂ ತಪ್ಪಿಲ್ಲವೇ?”

ತಮಾಷೆಯೆಂದುಕೊಂಡು ಸಭೆ ನಕ್ಕಿತು. ಸತ್ಯಪ್ರಕಾಶ್ ಚಪ್ಪಾಳೆ ಬೇರೆ ಹೊಡೆದರು.

“ಹಾಗಾದರೆ ನನಗೆ ಬಿದ್ದದ್ದು?”

ಅದೊಂದು ತಪ್ಪಿತ್ತು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಎಷ್ಟು ವಿನಯವಂತರು ಎಂದು ಇಡೀ ಸಭೆ ಮೆಚ್ಚುತ್ತಿತ್ತು. ಹೇಳಿಬಿಡಿ ಎಂದು ನಾನು ಪಕ್ಕದಿಂದ ಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಆ ಕಿವಿಯ ಹತ್ತಿರ ಬಾಗಿದರು.

“ಅದೂ ತಪ್ಪಲಿಲ್ಲ. ತಲೆಗೇ ಎಸೆದದ್ದು.”

ಡರ್ಮಟ್ ಫಲಕವನ್ನು ಜೋಪಾನವಾಗಿ ಮೇಜಿನ ಮೇಲಿಟ್ಟ. ಆಮೇಲೆ ಮುಷ್ಟಿ ಬಿಗಿದು ಬಾಯಿಗೆ ಗುದ್ದಿದ. ಪೇಟ ಉರುಳಿತು. ಕಟ್ಟಿಸಿದ ಹಲ್ಲುಗಳು ರಕ್ತದ ಜೊತೆ ಗಂಧದ ಹಾರದ ಮೇಲೆ ಬಿದ್ದವು. ಚನ್ನಬಸಣ್ಣ ಹಣ್ಣಿನ ಬುಟ್ಟಿಯ ಮೇಲೆ ಬಿದ್ದರು, ಬುಟ್ಟಿ ಅಪ್ಪಚ್ಚಿಯಾಯಿತು. ಮಕ್ಕಳು ಕಿರುಚಿದವು. ಸಂಘದ ದಿಲೀಪ್ ಮತ್ತು ಇನ್ನಿಬ್ಬರು ಓಡಿ ಬಂದು ಡರ್ಮಟ್‌ನ ಕೈಗಳನ್ನು ಹಿಂದಕ್ಕೆ ತಿರುಚಿದರು. ಅವನು ಬಿಡಿಸಿಕೊಳ್ಳಲು ನೋಡಲಿಲ್ಲ. ಸತ್ಯಪ್ರಕಾಶ್ ಪೊಲೀಸರಿಗೆಂದು ಫೋನು ತೆಗೆದರು.

“ಪೊಲೀಸ್ ಬ್ಯಾಡ” ಎಂದರು ಚನ್ನಬಸಣ್ಣ ನೆಲದಿಂದಲೇ, ತುಟಿ ಒಡೆದ ಬಾಯಲ್ಲಿ. “ಅವ್ರ ಕೈ ಬಿಡ್ರಿ.”

ಮುದುಕರಾದರು, ತಪ್ಪಿಸಿಕೊಳ್ಳಲಾಗಲಿಲ್ಲ ಎಂದು ಸಂಘದಲ್ಲಿ ಈಗಲೂ ಮರುಗುತ್ತಾರೆ. ಅವರ ತಲೆ. ನಾನು ಪಕ್ಕದಲ್ಲೇ ನಿಂತಿದ್ದೆ. ಮುಷ್ಟಿ ಬರುವುದು ಚನ್ನಬಸಣ್ಣನವರಿಗೆ ಕಂಡಿತ್ತು. ಅದಕ್ಕಿಂತ ವೇಗವಾಗಿ ಬಂದದ್ದನ್ನು ಬಿಸಿಲಿಗೆ ಕಣ್ಣು ಕುಕ್ಕುವಾಗಲೂ ಹಿಡಿದ ಕೈಗಳು ಅವು. ಆ ದಿನ ಎರಡೂ ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು, ಮುಖವನ್ನು ಸ್ವಲ್ಪ ಮುಂದಕ್ಕೆ ತಂದಿದ್ದರು.