ಅಣ್ಣನ ಹಿತ್ತಲಿಗೆ ಕಳೆ ಬಂದದ್ದು

ನನ್ನ ಅಣ್ಣ ತನ್ನ ಉದ್ಯೋಗಜೀವನವನ್ನೆಲ್ಲ ಪಠ್ಯಪುಸ್ತಕಗಳ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತ ಕಳೆದವನು. ಕಿಟಕಿಯಿಲ್ಲದ ಕೋಣೆ, ಕುತ್ತಿಗೆ ಬಾಗಿದ ಮೇಜುದೀಪ, ಕೆಂಪು ಶಾಯಿಯ ಲೇಖನಿ: ಅವನ ಪ್ರಪಂಚ ಇಷ್ಟೇ. ಪುಟವನ್ನು ಓದಬಾರದು, ನೋಡಬೇಕು ಎಂಬುದು ಅವನ ಸಿದ್ಧಾಂತ. ಓದಲು ಹೋದರೆ ಅರ್ಥ ಅಡ್ಡ ಬರುತ್ತದೆ. ಸುಮ್ಮನೆ ನೋಡಿದರೆ, ಉಳಿದವುಗಳ ಹಾಗೆ ಇಲ್ಲದ್ದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಹಾಗೆ ಬಿದ್ದದ್ದೇ ತಪ್ಪು. ಅದನ್ನು ಕಿತ್ತು ಹಾಕಬೇಕು. ಈ ಸಿದ್ಧಾಂತದಿಂದ ಪುಸ್ತಕಗಳಿಗೆ ಒಳ್ಳೆಯದೇ ಆಯಿತು ಎಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ನಿವೃತ್ತಿಯೊಂದಿಗೆ ತಪ್ಪುಗಳ ಸರಬರಾಜು ನಿಂತಿತು. ಅಣ್ಣನ ಕಣ್ಣು ನಿಲ್ಲಲಿಲ್ಲ. ಹಾಲಿನ ಪೊಟ್ಟಣದ ಮೇಲಿನ ಬರಹ, ಔಷಧಿ ಡಬ್ಬಿಯ ಎಚ್ಚರಿಕೆ, ಬೀದಿಯ ನಾಮಫಲಕ, ಯಾವುದೂ ಅವನಿಂದ ಪಾರಾಗಲಿಲ್ಲ. ಅತ್ತಿಗೆ ಅಂಗಡಿಗೆಂದು ಬರೆದುಕೊಟ್ಟ ಚೀಟಿ ತಿದ್ದುಪಡಿಗಳೊಂದಿಗೆ ಅವರ ಕೈಗೇ ಮರಳುತ್ತಿತ್ತು. ಸಾಮಾನು ಮಾತ್ರ ಬರುತ್ತಿರಲಿಲ್ಲ. ಅವನು ಕೂತರೆ ನೆಲ ಒರೆಸುವುದಕ್ಕೆ ಅಡ್ಡ, ನಿಂತರೆ ಅಡುಗೆಮನೆಯ ಬೆಳಕಿಗೆ ಅಡ್ಡ. ಒಂದು ಬೆಳಿಗ್ಗೆ ಯಾರೂ ಏನೂ ಹೇಳದೆಯೇ ಅವನು ತನ್ನ ಬೆತ್ತದ ಕುರ್ಚಿಯನ್ನು ಎತ್ತಿಕೊಂಡು ಹಿತ್ತಲಿಗೆ ನಡೆದ. ಅಡುಗೆಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ಉದ್ದಕ್ಕೆ ಬಿದ್ದಿದ್ದ ಆ ಮಣ್ಣಿನ ಪಟ್ಟಿಯಲ್ಲಿ ಓದುವುದಕ್ಕೆ ಒಂದಕ್ಷರವೂ ಇರಲಿಲ್ಲ. ಅಲ್ಲಿ ಅವನಿಗೆ ಒಳ್ಳೆಯ ನಿದ್ದೆ ಬಂತು. ಎಚ್ಚರವಾದಾಗ, ಮನೆಯಲ್ಲಿ ತನಗೆ ಉಳಿದಿರುವ ಜಾಗ ಇದೊಂದೇ ಎಂಬುದು ಅವನಿಗೆ ಸ್ಪಷ್ಟವಾಗಿತ್ತು.

ಆದರೆ ಅದರ ಮೇಲೆ ಅತ್ತಿಗೆಯ ಕಣ್ಣೂ ಇತ್ತು. ಕಲ್ಲು ಹಾಸಿಸಿದರೆ ಬಟ್ಟೆ ಒಣಹಾಕುವುದಕ್ಕೆ ಅನುಕೂಲ. ಮಳೆಗಾಲದಲ್ಲಿ ಕೆಸರು ತುಳಿದುಕೊಂಡು ಒಳಗೆ ಬರುವ ಪ್ರಮೇಯವಿಲ್ಲ. ಮೇಸ್ತ್ರಿಗೆ ಹೇಳಿಯೂ ಆಗಿತ್ತು. ಅವನು ಕೈಯಲ್ಲಿದ್ದ ಕಟ್ಟಡ ಮುಗಿಸಿ ಬರುತ್ತೇನೆಂದಿದ್ದ. ಅಣ್ಣ ಗಾಬರಿಯಾಗಿ, ತಾನು ಅಲ್ಲಿ ತರಕಾರಿ ಬೆಳೆಯಲಿದ್ದೇನೆ ಎಂದು ಘೋಷಿಸಿದ. ಅದುವರೆಗೆ ಅವನಿಗೇ ಆ ವಿಷಯ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಅತ್ತಿಗೆ ಕುಕ್ಕರಿನ ಮುಚ್ಚಳ ತೊಳೆಯುತ್ತಲೇ ಷರತ್ತು ಹಾಕಿದರು. "ಒಂದು ಹೊತ್ತಿನ ಅಡುಗೆಗೆ ಸಾಲುವಷ್ಟು ಬೆಳೆದು ತೋರಿಸಿ, ಹಿತ್ತಲು ನಿಮ್ಮದು. ಇಲ್ಲ ಅಂದ್ರೆ ಮೇಸ್ತ್ರಿ ಬಂದ ದಿನ ಕುರ್ಚಿ ಒಳಗೆ."

ಹೀಗೆ ಅಣ್ಣನಿಗೆ ಬೇಕಾದದ್ದು ತರಕಾರಿಯಲ್ಲ, ಸೋಲದ ತರಕಾರಿ. ಹೊಸಬರು ಯಾವುದನ್ನು ಸುಲಭವಾಗಿ ಬೆಳೆಯಬಹುದು ಎಂದು ಕಂಡಕಂಡವರನ್ನೆಲ್ಲ ಕೇಳತೊಡಗಿದ. ಈ ವಿಷಯದಲ್ಲಿ ಅಭಿಪ್ರಾಯವಿಲ್ಲದವರು ಯಾರೂ ಸಿಗಲಿಲ್ಲ, ಬೆಳೆದವರೂ ಸಿಗಲಿಲ್ಲ. ಟೊಮೆಟೊ ಎಸೆದಲ್ಲಿ ಬರುತ್ತದೆ ಎಂದರು ಅವನ ಹಳೆಯ ಮೇಲಧಿಕಾರಿ. ಅವರು ಮೂರನೆಯ ಮಹಡಿಯಲ್ಲಿ, ಎಸೆಯಲು ಜಾಗವಿಲ್ಲದ ಮನೆಯಲ್ಲಿ ಇದ್ದಾರೆ. ಹುರುಳಿಕಾಯಿಯನ್ನು ಸೂಚಿಸಿದ ಕ್ಷೌರಿಕ, ಬಳ್ಳಿಗೆ ಚಪ್ಪರ ಬೇಕೆ, ಕೋಲು ಸಾಕೆ ಎಂದು ಅಣ್ಣ ಕೇಳಿದಾಗ ಅವನ ಕತ್ತನ್ನು ಇನ್ನೊಂದು ಕಡೆಗೆ ತಿರುಗಿಸಿದ. ಸೌತೆಯ ಹೂವಿಗೆ ಜೇನ್ನೊಣ ಬಂದು ಹೋಗಬೇಕಂತೆ; ಮೂರನೆಯವರನ್ನು ನಂಬಿಕೊಂಡು ಮಾಡುವ ಕೆಲಸ ಅಣ್ಣನಿಗೆ ಹಿಡಿಸಲಿಲ್ಲ. ಮೂಲಂಗಿ ಎಲ್ಲಕ್ಕಿಂತ ಬೇಗ ಬರುವುದೇನೋ ನಿಜ, ಆದರೆ ಮಣ್ಣಿನೊಳಗೆ ಅದು ಏನು ಮಾಡುತ್ತಿದೆ ಎಂದು ತಿದ್ದಿ ನೋಡುವ ಬಗೆ ಹೇಗೆ? ನಾನು ಮೆಂತ್ಯವನ್ನು ಹೇಳಿದೆ. ಅಡುಗೆಮನೆಯ ಡಬ್ಬಿಯಲ್ಲಿ ಇರುವುದನ್ನು ಬಿತ್ತಿದರೆ ಅದನ್ನು ಬೆಳೆದದ್ದು ಎನ್ನಲಾಗದು ಎಂದುಬಿಟ್ಟ.

ಕೊನೆಗೆ ಬೀಜದಂಗಡಿಯವನು, ಕೆಂಪು ಹರಿವೆ ಹಾಕಿ ಕೆಟ್ಟವರನ್ನು ತಾನು ಇದುವರೆಗೆ ಕಂಡಿಲ್ಲ ಎಂದ. ಬೀಜ ತೀರಾ ಸಣ್ಣ, ಮರಳಿನೊಂದಿಗೆ ಬೆರೆಸಿ ಚೆಲ್ಲಿ; ನೀರನ್ನು ಸುರಿಯಬೇಡಿ, ಚಿಮುಕಿಸಿ; ಒತ್ತಾಗಿ ಬಂದರೆ ಕೆಲವನ್ನು ಕಿತ್ತು ಉಳಿದವಕ್ಕೆ ಜಾಗ ಮಾಡಿಕೊಡಿ; ಅಷ್ಟೇ. ಗೊಬ್ಬರ ಮಾತ್ರ ಚೆನ್ನಾಗಿ ಕೊಳೆತದ್ದಿರಲಿ ಎಂದೂ ಹೇಳಿದನಂತೆ. ಅಣ್ಣ ಆಗ ಬೀಜದ ಪೊಟ್ಟಣದ ಹಿಂಬದಿಯಲ್ಲಿ ಬಿಟ್ಟುಹೋದ ಒಂದು ದೀರ್ಘವನ್ನು ಪತ್ತೆಹಚ್ಚುತ್ತಿದ್ದುದರಿಂದ ಆ ಮಾತು ಕಿವಿಗೆ ಬೀಳಲಿಲ್ಲ. ಹಸಿ ಗೊಬ್ಬರವನ್ನೇ ಧಾರಾಳವಾಗಿ ಹರಡಿದ. ಅದರ ಜೊತೆಗೆ ಬಂದ ಹುಲ್ಲು, ಮುಳ್ಳು, ಹೆಸರಿಲ್ಲದ ಗಿಡಗಳ ಬೀಜಗಳನ್ನೂ ಹರಡಿದ.

ಮಳೆ ಬಂತು, ಮಣ್ಣು ಹಸಿರಾಯಿತು. ನಾನು ಭಾನುವಾರ ಹೋದಾಗ ಅಣ್ಣ ಕುರ್ಚಿಯ ಅಂಚಿಗೆ ಬಂದು ಕೂತು ಪಟ್ಟಿಯನ್ನು ದಿಟ್ಟಿಸುತ್ತಿದ್ದ, ಓದುತ್ತಿರಲಿಲ್ಲ, ನೋಡುತ್ತಿದ್ದ. ತುಂಬ ಹಸಿರು ಎಲೆಗಳ ನಡುವೆ ಅಲ್ಲಲ್ಲಿ, ಸೂಜಿಮೊನೆಯಷ್ಟು ಸಣ್ಣದಾಗಿ, ಕೆಂಪು ಎಲೆಗಳು. ಕರಡಿನ ಮೇಲೆ ಕೆಂಪು ಕಂಡರೆ ಅದು ತಪ್ಪೆಂದು ತಿಳಿದೇ ಮುಪ್ಪಾದ ಕಣ್ಣು ಅವನದು. ಬಹುಮತ ಹಸಿರಿನದು, ಕೆಂಪು ಎದ್ದು ಕಾಣುತ್ತಿತ್ತು. ಬಗ್ಗಿ, ಒಂದೊಂದನ್ನೇ ಬೇರುಸಮೇತ ಕಿತ್ತು, ಗೋಡೆಯಾಚೆಗೆ ಎಸೆದ. ಬಿತ್ತಿದ್ದು ಕೆಂಪು ಹರಿವೆಯಲ್ಲವೇ ಎಂದು ನಾನು ಕೇಳಿದ್ದೂ ಹೌದು. ಕೆಂಪು ಎನ್ನುವುದು ಬೆಳೆದ ಮೇಲಿನ ಮಾತು, ಎಳೆಯದರಲ್ಲಿ ಎಲ್ಲವೂ ಹಸಿರೇ ಎಂದು ಅವನು ಖಂಡಿತವಾಗಿ ಹೇಳಿದ. ಅಷ್ಟು ಖಂಡಿತವಾಗಿ ಹೇಳಿದವರ ಮಾತನ್ನು ನಮ್ಮ ಮನೆತನದಲ್ಲಿ ನಂಬುವುದು ರೂಢಿ.

ಗೋಡೆಯಾಚೆ ಇರುವವರು ಹಲ್ಲಿನ ಡಾಕ್ಟರು. ಕಸ ತಮ್ಮ ಕಡೆ ಬೀಳುತ್ತಿದೆ ಎಂದು ಅವರು ಒಮ್ಮೆ ದೂರಿದರು. ಒಣಗಿ ಗೊಬ್ಬರವಾಗುತ್ತದೆ ಎಂದು ಅಣ್ಣ ಉದಾರವಾಗಿ ಸಮಾಧಾನಪಡಿಸಿದ.

ಅತ್ತಿಗೆಯ ತಾಯಿ, ನಮಗೆಲ್ಲ ಅಜ್ಜಿ, ಆ ಮನೆಯಲ್ಲೇ ಇರುತ್ತಾರೆ. ಅದೇ ಡಾಕ್ಟರು ಹಲ್ಲುಗಳನ್ನೆಲ್ಲ ಕಿತ್ತ ಮೇಲೆ ಅವರು ಮಾತನ್ನು ಅಳೆದು ಆಡುತ್ತಾರೆ. ಒಂದು ಸಲಕ್ಕೆ ಎರಡು ಪದ ದಾಟಿಸುವುದು ಅಪರೂಪ. ಹಿತ್ತಲ ಕಿಟಕಿಯ ಬಳಿ ಅವರ ಮಂಚ. ಒಂದು ದಿನ ಹೊರಗೆ ನೋಡಿ, "ಕಳೆ ಬಂದಿದೆ" ಎಂದರು.

ಕಳೆ ಎಂದರೆ ಬೆಳೆಯ ನಡುವಿನ ಬೇಡದ ಗಿಡವೂ ಹೌದು, ಮುಖದ ಮೇಲಿನ ಕಾಂತಿಯೂ ಹೌದು. ಈ ವ್ಯತ್ಯಾಸ ಅಣ್ಣನಿಗೆ ಗೊತ್ತಿರಲಿಲ್ಲವೆಂದಲ್ಲ. ಇದೇ ಪದಕ್ಕಾಗಿ ಅವನು ಹಿಂದೆ ಪಠ್ಯವೊಂದರ ಲೇಖಕರೊಡನೆ ಜಗಳವಾಡಿ, ಅಡಿಟಿಪ್ಪಣಿ ಹಾಕಿಸಿ ಗೆದ್ದಿದ್ದ. ಆದರೆ ಹೊಗಳಿಕೆಯನ್ನು ಕರಡಿನಂತೆ ಎರಡು ಸಲ ಪರಿಶೀಲಿಸುವ ಮನುಷ್ಯ ಹುಟ್ಟಿಲ್ಲ. "ಎಲ್ಲಾ ನಿಮ್ಮ ಆಶೀರ್ವಾದ, ಅತ್ತೆ" ಎಂದ. ಮುಂದಿನ ವಾರ ಅವರು "ಕಳೆ ಜಾಸ್ತಿ" ಎಂದಾಗ, ಅಳಿಯ ನಾಚಿಕೊಂಡ.

ಮೇಸ್ತ್ರಿ ಬಂದ ದಿನ ನಾನೂ ಇದ್ದೆ. ಹಿತ್ತಲು ಮೊಣಕಾಲೆತ್ತರ ಹಸಿರಾಗಿತ್ತು. ಅಣ್ಣ ಒಂದು ಹಿಡಿ ಕೊಯ್ದು, ಬಹುಮಾನ ವಿತರಣೆಯ ಗಾಂಭೀರ್ಯದಿಂದ ಅತ್ತಿಗೆಯ ಕೈಗೆ ಕೊಟ್ಟ. ಅತ್ತಿಗೆ ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಮೂಸಿದರು.

"ಇದೇನು ಸೊಪ್ಪು?"

"ಹರಿವೆ. ಇನ್ನೂ ಎಳೇದು."

ಕಿಟಕಿಯಿಂದ ಅಜ್ಜಿಯ ದನಿ ಬಂತು. "ಮೊದಲ ದಿನದಿಂದ ಬಡ್ಕೋತಾ ಇದೀನಿ. ಕಳೆ, ಕಳೆ ಅಂತ." ಅವರು ಆ ವರ್ಷ ಆಡಿದ ಅತಿ ಉದ್ದದ ಮಾತು ಇದೇ ಇರಬೇಕು.

ಪದದ ಮೊದಲನೆಯ ಅರ್ಥ ಅಣ್ಣನ ಮುಖದ ಮೇಲೆ ಇಳಿದು, ಎರಡನೆಯದನ್ನು ಒರೆಸಿಕೊಂಡು ಹೋಗುವುದು ನನಗೆ ಕಾಣಿಸಿತು. ಮೇಸ್ತ್ರಿಯ ಆಳು ಗುದ್ದಲಿಯಿಂದ ಪಟ್ಟಿಯನ್ನೆಲ್ಲ ಹೆರೆದು ಬೋಳು ಮಾಡುವಾಗ ಅವನು ತನ್ನ ಕುರ್ಚಿಯನ್ನು ತಾನೇ ಎತ್ತಿ, ಅಡುಗೆಮನೆಯ ಬಾಗಿಲಲ್ಲಿ, ಹೊರಗೂ ಅಲ್ಲ ಒಳಗೂ ಅಲ್ಲದ ಕಡೆ ಇಟ್ಟು ಕೂತ. ಸ್ವಲ್ಪ ಹೊತ್ತಿನಲ್ಲೇ ಅವನ ಕೈ ಕಟ್ಟೆಯ ಮೇಲಿದ್ದ ಉಪ್ಪಿನ ಪೊಟ್ಟಣದತ್ತ ಹೋಯಿತು.

"ಇಲ್ಲಿ ನೋಡು, ಒತ್ತಕ್ಷರ ಬಿಟ್ಟಿದ್ದಾರೆ" ಎಂದ.

ಅತ್ತಿಗೆ ಆ ಕುರ್ಚಿಯನ್ನೂ, ಅದರ ಹಿಂದೆ ತಮಗೆ ಉಳಿದಿದ್ದ ಕಿರಿದಾದ ದಾರಿಯನ್ನೂ ಬಹಳ ಹೊತ್ತು ನೋಡಿದರು.

ಮೇಸ್ತ್ರಿ ಕಲ್ಲುಹಾಸಿನ ಅಳತೆಗೆ ದಾರ ಕಟ್ಟುತ್ತಿರುವಾಗ ಗೋಡೆಯ ಮೇಲೆ ಒಂದು ಸ್ಟೀಲ್ ಬೋಗುಣಿ ಕಾಣಿಸಿಕೊಂಡಿತು. ಅದರ ಹಿಂದೆ ಡಾಕ್ಟರ ತಲೆ. ಬೋಗುಣಿಯ ತುಂಬ ಕೆಂಪು ಹರಿವೆ, ಒಂದೊಂದು ಎಲೆ ಅಂಗೈಯಗಲ.

"ನಿಮ್ಮ ಕಸ ವಾಪಸ್ ತಗೊಳ್ಳಿ" ಎಂದರು ಡಾಕ್ಟರು. ನಲ್ಲಿ ಸೋರಿ ಸದಾ ಕೆಸರಾಗಿರುವ ತಮ್ಮ ಮೂಲೆಯಲ್ಲಿ, ಅಣ್ಣ ಎಸೆದದ್ದೆಲ್ಲ ಬೇರೂರಿ ಕೂತಿದೆಯಂತೆ. ಅವರ ಮನೆಯಾಕೆ ಈಗಾಗಲೇ ಎರಡು ಸಲ ಅದರ ಅಡುಗೆ ಮಾಡಿದ್ದಾರೆ, ಮತ್ತೆ ಮಾಡುವ ಮೊದಲು ಇದನ್ನು ಸಾಗಿಸಬೇಕು. "ಕೀಳೋದು ನನ್ನ ಕಸುಬೂ ಹೌದು ಸ್ವಾಮಿ. ಆದರೆ ನಾನು ಹುಳುಕು ಯಾವುದು ಅಂತ ನೋಡಿ ಕೀಳ್ತೀನಿ."

ಅಣ್ಣ ಬೋಗುಣಿಯನ್ನು ಇಸಿದುಕೊಂಡು ಅದರ ಕೆಂಪನ್ನು ನೋಡುತ್ತ ನಿಂತ. ಇದು ತಾನು ಬೆಳೆದದ್ದಲ್ಲ, ಡಾಕ್ಟರ ಮೂಲೆಯಲ್ಲಿ ಬಂದದ್ದು, ಷರತ್ತಿನ ಅಕ್ಷರಕ್ಕೆ ಹೊಂದುವುದಿಲ್ಲ ಎಂದು ಪ್ರಾಮಾಣಿಕವಾಗಿ ತನ್ನ ವಿರುದ್ಧವೇ ವಾದ ಹೂಡಿದ. ಅಭ್ಯಾಸಬಲ ಎಂದರೆ ಇದು.

ಅತ್ತಿಗೆ ಅವನನ್ನು ತಡೆದರು. "ಬೀಜ ಇವರದೇ ಅಲ್ವಾ ಡಾಕ್ಟ್ರೇ?"

"ಬೀಜ ಅವರದು, ಎಸೆದ ಕೈ ಅವರದು. ನನ್ನದು ನಲ್ಲಿ ರಿಪೇರಿ ಮಾಡಿಸದ ಸೋಮಾರಿತನ ಅಷ್ಟೇ."

"ಹಾಗಾದ್ರೆ ಬೆಳೆದದ್ದು ಇವರೇ. ಮೇಸ್ತ್ರಿ, ದಾರ ಸುತ್ಕೊಳ್ಳಿ." ಬಟ್ಟೆಯನ್ನು ತಾರಸಿಯಲ್ಲೇ ಒಣಹಾಕಿದರಾಯಿತು ಎಂದು ಸೇರಿಸಿ, ಬೆತ್ತದ ಕುರ್ಚಿಯನ್ನು ಸ್ವತಃ ಎತ್ತಿ ಹಿತ್ತಲಿನ ಮಧ್ಯಕ್ಕೆ ತಂದು ಊರಿದರು. ಅದನ್ನು ಊರಿದ ರಭಸ ನೋಡಿದರೆ, ಗೆದ್ದವರು ಯಾರೆಂದು ಹೇಳುವುದು ಕಷ್ಟವಾಗಿತ್ತು.

ಅಣ್ಣ ಬೋಗುಣಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಮುದ್ರಣಾಲಯ ಬಿಟ್ಟಂದಿನಿಂದ ಅವನ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಕಿಟಕಿಯಲ್ಲಿ ಅಜ್ಜಿಯೂ ಅವನ ಮುಖವನ್ನೇ ನೋಡುತ್ತಿದ್ದರು.

"ಕಳೆ ಬಂತು" ಎಂದರು.

ಅಣ್ಣ ಬೋಗುಣಿಯನ್ನು ತಟ್ಟನೆ ನನ್ನ ಕೈಗಿತ್ತು, ಕನ್ನಡಕ ಏರಿಸಿಕೊಂಡು, ಹೆರೆದು ಬೋಳಾಗಿದ್ದ ಆ ಮಣ್ಣಿನ ಮೇಲೆ ಬಗ್ಗಿ, ಎಲ್ಲಿ, ಎಲ್ಲಿ ಎಂದು ಹುಡುಕತೊಡಗಿದ.