ಟೈಲರಮ್ಮನ ಕಿಟಕಿ ಕೆಳಗಿನ ಬೆಂಚು

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಮೆಟ್ಟಿಲ ಕಡೆಗೆ ಬಾಗಿಲು, ಹಿತ್ತಲಿಗೆ ಕಿಟಕಿ ಇದ್ದ ಒಂದೇ ಕೋಣೆಯಲ್ಲಿ ಟೈಲರಮ್ಮನ ಸಂಸಾರವೂ ಹೊಲಿಗೆಯೂ ನಡೆಯುತ್ತಿದ್ದವು. ಸಂಸಾರವೆಂದರೆ ಆಕೆಯೊಬ್ಬಳೇ. ಪ್ಯಾಂಟು ಯಾಕೋ ಸರಿ ಕೂರುತ್ತಿಲ್ಲವೆಂದು ಒಯ್ದರೆ, "ಪ್ಯಾಂಟು ಹೊಲ್ದಾಗ ಹೇಗಿತ್ತೋ ಹಾಗೇ ಇದೆ ಅಣ್ಣ, ನೀವೇ ಬದಲಾಗಿರೋದು" ಎನ್ನುತ್ತ ಸೊಂಟದ ಹೊಲಿಗೆ ಬಿಚ್ಚುತ್ತಿದ್ದಳು.

ಆಕೆ ಬೀಡಿ ಸಿಗರೇಟು ಮುಟ್ಟಿದವಳಲ್ಲ. ಆದರೆ ಮೆಟ್ಟಿಲ ಮೇಲೆ ನಿಂತು ನಾವು ಗಂಡಸರು ಲೋಕ ತಿದ್ದುತ್ತ ಬಿಟ್ಟ ಹೊಗೆಯೆಲ್ಲ ಆಕೆಯ ಎದೆ ಸೇರುತ್ತಿತ್ತು. ಇನ್ನು ಈ ಹೊಗೆ ಕುಡಿದರೆ ಉಸಿರಿಗೇ ಸಂಚಕಾರ ಎಂದು ಡಾಕ್ಟರು ಹೆದರಿಸಿದ ಮೇಲೆ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರ ಬಳಿ ಹೋದಳು.

ಅಧ್ಯಕ್ಷರು ನಿವೃತ್ತ ಅಧಿಕಾರಿ. ಮನೆಯಲ್ಲಿ ಮಾತು ನಡೆಯದ ಕಾರಣ ಸಭೆ ಎಂದರೆ ಅವರಿಗೆ ಪ್ರಾಣ. ಸಮಿತಿಯಾಯಿತು, ಉಪಸಮಿತಿಯೂ ಆಯಿತು. ಕಟ್ಟಡದೊಳಗೆ ಎಲ್ಲೂ ಸೇದಕೂಡದೆಂದು ಬೋರ್ಡು ಬಿತ್ತು. ಸೇದುವವರ ಮನಸ್ಸೂ ನೋಯಬಾರದಲ್ಲ? ಹಿತ್ತಲಲ್ಲಿ ನೆರಳಿರುವ ಕಡೆ ಅವರಿಗೊಂದು ಬೆಂಚು ಹಾಕಿಸಿದರು. ಹಿತ್ತಲಲ್ಲಿ ನೆರಳಿದ್ದದ್ದು ಟೈಲರಮ್ಮನ ಕಿಟಕಿಯ ಕೆಳಗೆ ಮಾತ್ರ.

ಆಕೆ ಮತ್ತೆ ಹೋದಳು. ಬೆಂಚು ಕಟ್ಟಡದ ಹೊರಗಿದೆ, ನಿಯಮ ಮುರಿದಿಲ್ಲ ಎಂದು ಅಧ್ಯಕ್ಷರು ವಿವರಿಸಿದರು.

"ಬೆಂಚು ಹೊರಗಿದೆ ಸಾರ್, ನನ್ನ ಮೂಗು ಒಳಗಿದೆಯಲ್ಲ."

ಕಿಟಕಿ ಮುಚ್ಚಿಕೊಳ್ಳಿ ಎಂಬ ಸಲಹೆ ಸಿಕ್ಕಿತು. ಮುಚ್ಚಿದಳು. ಇಸ್ತ್ರಿಪೆಟ್ಟಿಗೆಯ ಕಾವಿಗೆ ಕೋಣೆ ಒಲೆಯಾಯಿತು; ಸಂದಿಯಿಂದ ಹೊಗೆ ಬರುವುದು ನಿಲ್ಲಲಿಲ್ಲ.

ಕೊನೆಗೆ ಮಿಷನ್ನನ್ನು ಎಳೆದು ತಂದು ಮೆಟ್ಟಿಲ ಪಕ್ಕ ಇಟ್ಟುಕೊಂಡಳು. ನಿಯಮದ ದಯೆಯಿಂದ ಈಗ ಅಲ್ಲಿ ಶುದ್ಧ ಗಾಳಿ. ಕೆಲವು ದಿನ ಕೆಮ್ಮಿಲ್ಲದೆ ಹೊಲಿದಳು, ಹಾಡು ಗುನುಗಿದ್ದನ್ನೂ ಕೇಳಿದವರಿದ್ದಾರೆ.

ಅಷ್ಟರಲ್ಲಿ ನಗರಸಭೆಯವರು 'ಹೊಗೆಮುಕ್ತ ಕಟ್ಟಡ' ಎಂಬ ಫಲಕ ಕೊಡಲು ಬರುವುದು ನಿಶ್ಚಯವಾಯಿತು. ಅಧ್ಯಕ್ಷರು ಇಳಿದು ಬಂದರು.

"ಮೆಟ್ಟಿಲು ಎಲ್ಲರದ್ದಮ್ಮ, ಮಿಷನ್ ಒಳಗಿಟ್ಕೊಳ್ಳಿ. ಬಂದವರು ಏನಂದ್ಕೊಳ್ತಾರೆ? ಫೋಟೋಗೆ ಮಾತ್ರ ನೀವೂ ನಿಂತ್ಕೊಳ್ಳಿ, ಮೊದಲು ದೂರು ಕೊಟ್ಟೋರು ನೀವೇ ಅಲ್ವಾ."

"ಫೋಟೋದಲ್ಲಿ ಕೆಮ್ಮು ಕಾಣ್ಸಲ್ಲ ಬಿಡಿ ಸಾರ್" ಎಂದಳು ಟೈಲರಮ್ಮ.

ಫಲಕ ಬರುವ ಮುಂಚೆಯೇ ಆಕೆ ಕೋಣೆ ಖಾಲಿ ಮಾಡಿ ತಂಗಿಯ ಮನೆ ಸೇರಿದಳು. ಅಲ್ಲಿ ಕಾಲು ಚಾಚಲೂ ಜಾಗವಿಲ್ಲದ್ದರಿಂದ ಮಿಷನ್ನನ್ನು ಮಾರಿಬಿಟ್ಟಳಂತೆ. ಉಸಿರು ಉಳಿಯಿತು, ಕಸುಬು ಹೋಯಿತು.

ಸಮಾರಂಭ ಚೆನ್ನಾಗಿ ಆಯಿತು. ಆಕೆಯೇ ಹೊಲಿದ ಕೋಟು ತೊಟ್ಟ ಅಧ್ಯಕ್ಷರು, ನಮ್ಮ ಕಟ್ಟಡದಲ್ಲಿ ಈಗ ಕೆಮ್ಮುವವರೇ ಇಲ್ಲ ಎಂದು ಭಾಷಣ ಮುಗಿಸಿದರು. ಅದು ನಿಜವೇ ಆಗಿದ್ದರಿಂದ ನಾವು ಚಪ್ಪಾಳೆ ತಟ್ಟಿ, ಒಬ್ಬೊಬ್ಬರಾಗಿ ಬೆಂಚಿನ ಕಡೆ ನಡೆದೆವು.